ಬಂದೂಕು ಹಕ್ಕೋ, ಪರವಾನಗಿಯೋ? ಬಂದೂಕು ಇರುವವರಲ್ಲೇ ಯಾಕೆ ಇಷ್ಟೊಂದು ಭಿನ್ನಾಭಿಪ್ರಾಯ?

“ಬಂದೂಕು ಇಟ್ಟುಕೊಳ್ಳುವುದು ನಮ್ಮ ಮೂಲಭೂತ ಹಕ್ಕು.” “ಕೊಡಗಿನವರಿಗೆ ಲೈಸೆನ್ಸ್ ಬೇಡ ಅಂದಮೇಲೆ ನಮಗ್ಯಾಕೆ?” “ಲೈಸೆನ್ಸ್ ಇದ್ದರೆ ಬೆಳೆ ತಿನ್ನುವ ಹಂದಿಗೆ ಗುಂಡು ಹೊಡೆಯಬಹುದು.” ಇಂಥ ಮಾತುಗಳು ವಾಟ್ಸ್ಯಾಪ್ ಗುಂಪುಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತವೆ. ಕಲಬುರಗಿ ನಗರದ ವ್ಯಾಪಾರಿಯಿಂದ ಹಿಡಿದು ಕಮಲಾಪುರದ ರೈತನವರೆಗೆ ಎಲ್ಲರೂ ಇದನ್ನು ಓದುತ್ತಾರೆ, ಮುಂದಕ್ಕೆ ಕಳಿಸುತ್ತಾರೆ.

ಈ ಮೂರೂ ಮಾತುಗಳಲ್ಲಿ ಯಾವುದೂ ಪೂರ್ತಿ ಸತ್ಯವಲ್ಲ. ಇನ್ನೊಂದು ಸಂಗತಿಯೂ ಇದೆ. ಬಂದೂಕು ಇರುವವರೆಲ್ಲ ಒಂದೇ ದನಿಯಲ್ಲಿ ಮಾತಾಡುತ್ತಾರೆ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ, ಆದರೆ ಹಾಗಿಲ್ಲ. ಬಂದೂಕು ಉಳಿಯಬೇಕು ಎನ್ನುವುದರಲ್ಲಿ ಅವರಿಗೆ ಒಮ್ಮತವಿದೆ. ಯಾವ ಕಾರಣಕ್ಕೆ ಉಳಿಯಬೇಕು ಎನ್ನುವುದರಲ್ಲಿ ಜಗಳವಿದೆ. ಒಬ್ಬರನ್ನು ಕಾಪಾಡುವ ವಾದವೇ ಇನ್ನೊಬ್ಬರನ್ನು ಹೊರಗಿಡುವುದರಿಂದ ಈ ಜಗಳ ಸಣ್ಣದಲ್ಲ.

ಬಂದೂಕು ಮೂಲಭೂತ ಹಕ್ಕೇ?

ಅಲ್ಲ. ಆದರೆ ಈ ಬೇಡಿಕೆ ಹೊಸದೂ ಅಲ್ಲ. 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕು ಪ್ರಜೆಗಳಿಗಿರಬೇಕು ಎಂಬ ಅಂಶವಿತ್ತು. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಮಂಗಳೂರು ಮೂಲದ ಎಚ್.ವಿ. ಕಾಮತ್ ಇದನ್ನು ಮೂಲಭೂತ ಹಕ್ಕುಗಳ ಪಟ್ಟಿಗೆ ಸೇರಿಸಲು ತಿದ್ದುಪಡಿ ಮಂಡಿಸಿದರು. ಅಂಬೇಡ್ಕರ್ ಒಪ್ಪಲಿಲ್ಲ. ಎಲ್ಲರಿಗೂ ಈ ಹಕ್ಕು ಕೊಟ್ಟರೆ ಅಪರಾಧವನ್ನೇ ಕಸುಬು ಮಾಡಿಕೊಂಡವರಿಗೂ ಕೊಡಬೇಕಾಗುತ್ತದೆ ಎನ್ನುವುದು ಅವರ ಆಕ್ಷೇಪವಾಗಿತ್ತು. ತಿದ್ದುಪಡಿ ಬಿದ್ದುಹೋಯಿತು.

2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ನೆನಪಿಸಿತು. ಅಮೆರಿಕದ ಸಂವಿಧಾನದಲ್ಲಿರುವಂಥ ಬಂದೂಕಿನ ಹಕ್ಕನ್ನು ನಮ್ಮ ಸಂವಿಧಾನ ಯಾರಿಗೂ ಕೊಟ್ಟಿಲ್ಲ ಎಂದು ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಮತ್ತು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಪೀಠ ಹೇಳಿತು.

ಗಾಂಧೀಜಿಯೇ ಬಂದೂಕಿನ ಪರ ಇದ್ದರು ಎಂಬ ಫಾರ್ವರ್ಡ್ ಕೂಡ ಬರುತ್ತದೆ. ಜನರ ಕೈಯಿಂದ ಆಯುಧ ಕಿತ್ತುಕೊಂಡ ಬ್ರಿಟಿಷ್ ಕಾಯ್ದೆಯನ್ನು ಗಾಂಧೀಜಿ ಕಟುವಾಗಿ ಟೀಕಿಸಿದ್ದು ನಿಜ. ಆದರೆ ಆ ಮಾತು ಬಂದದ್ದು 1918ರಲ್ಲಿ, ಗುಜರಾತಿನ ಖೇಡಾದಲ್ಲಿ, ಮೊದಲ ಮಹಾಯುದ್ಧಕ್ಕೆ ಸೈನಿಕರನ್ನು ಸೇರಿಸಲು ಹಂಚಿದ ಕರಪತ್ರದಲ್ಲಿ. ಮನೆಮನೆಗೆ ಬಂದೂಕು ಬೇಕು ಎಂದು ವಾದಿಸಲು ಬರೆದ ಮಾತು ಅದಲ್ಲ.

ಕೊಡಗಿನಲ್ಲಿ ವಿನಾಯಿತಿ ಯಾರಿಗೆ, ಯಾಕೆ?

ಈ ಜಗಳ ಸ್ಪಷ್ಟವಾಗಿ ಕಾಣುವುದು ಕೊಡಗಿನಲ್ಲಿ. 1857ರ ದಂಗೆಯ ಹೊತ್ತಿಗೆ ಬ್ರಿಟಿಷರು ಜನರ ಆಯುಧ ಕಿತ್ತುಕೊಳ್ಳುವ ಕಾನೂನು ತಂದರು. ನಮ್ಮದೇ ಉತ್ತರ ಕರ್ನಾಟಕದ ಮುಧೋಳ ಬಳಿಯ ಹಲಗಲಿಯಲ್ಲಿ ಬೇಡರು ಅದರ ವಿರುದ್ಧ ಸಿಡಿದೆದ್ದು ಪ್ರಾಣ ಕೊಟ್ಟರು. ಅದೇ ಕಾನೂನಿನಿಂದ ಕೊಡವರಿಗೆ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟರು. ಸ್ವಾತಂತ್ರ್ಯದ ನಂತರವೂ ಅದು ಮುಂದುವರಿಯಿತು. ಕೊಡವ ಜನಾಂಗದವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಇದು ಅನ್ವಯಿಸುತ್ತದೆ. ಕೇಂದ್ರ ಗೃಹ ಸಚಿವಾಲಯದ 2019ರ ಅಕ್ಟೋಬರ್ ಅಧಿಸೂಚನೆಯ ಪ್ರಕಾರ ಇದರ ಅವಧಿ 2029ರವರೆಗೆ.

ಇದನ್ನು ಹೇಗೆ ಸಮರ್ಥಿಸಬೇಕು ಎನ್ನುವಲ್ಲಿ ದಾರಿ ಕವಲೊಡೆಯುತ್ತದೆ. ಎನ್.ಯು. ನಾಚಪ್ಪ ನೇತೃತ್ವದ ಕೊಡವ ನ್ಯಾಷನಲ್ ಕೌನ್ಸಿಲ್‌ನ ವಾದ ಧರ್ಮ ಮತ್ತು ಸಂಸ್ಕೃತಿಯದ್ದು. ಸಿಖ್ಖರಿಗೆ ಕಿರ್ಪಾಣ್ ಹೇಗೋ ಕೊಡವರಿಗೆ ತೋಕ್, ಅಂದರೆ ಕೋವಿ, ಹಾಗೆ. ಹುಟ್ಟು, ಮದುವೆ, ಸಾವು, ಕೈಲ್‌ಪೊಳ್ದ್ ಹಬ್ಬ ಎಲ್ಲದರಲ್ಲೂ ಅದಕ್ಕೆ ಜಾಗವಿದೆ. ಈ ವಾದ ಭಾವನೆಗೆ ನಾಟುತ್ತದೆ. ಆದರೆ ಇದೊಂದೇ ನಿಂತರೆ ಜಮ್ಮಾ ಭೂಮಿಯ ಮೂಲಕ ಅದೇ ವಿನಾಯಿತಿ ಪಡೆದ ಅರೆಭಾಷೆ ಗೌಡರು ಮತ್ತು ಇತರರು ಎಲ್ಲಿ ನಿಲ್ಲಬೇಕು? ಅವರಿಗೆ ಆಸರೆಯಾಗುವುದು ಭೂಮಿಯ ವಾದ. ಭೂಮಿಯ ವಾದವನ್ನೇ ಮುಂದಿಟ್ಟರೆ, ಜಮ್ಮಾ ಭೂಮಿ ಇಲ್ಲದ ಕೊಡಗಿನ ಬಡ ರೈತನಿಗೆ ಯಾಕಿಲ್ಲ ಎಂಬ ಪ್ರಶ್ನೆ ಏಳುತ್ತದೆ.

ಆ ಪ್ರಶ್ನೆ ಕೋರ್ಟಿಗೂ ಹೋಯಿತು. ಜನಾಂಗ ಮತ್ತು ಪೂರ್ವಿಕರ ಭೂಮಿ ನೋಡಿ ವಿನಾಯಿತಿ ಕೊಡುವುದು ಬ್ರಿಟಿಷರ ಕಾಲದ ತಾರತಮ್ಯ ಎಂದು ನಿವೃತ್ತ ಸೇನಾಧಿಕಾರಿಯೊಬ್ಬರು ಪಿಐಎಲ್ ಹಾಕಿದ್ದರು. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಆದರೆ ಕೋರ್ಟ್ ಗಮನಿಸಿದ್ದೇನು? ಇದು ಹಿಂದಿನಿಂದ ಬಂದ ರೂಢಿ, ಹತ್ತು ವರ್ಷದ ಮಿತಿಯಿದೆ, ಷರತ್ತುಗಳಿವೆ. ಅಂದರೆ ಉಳಿದದ್ದು ಷರತ್ತಿನ ವಿನಾಯಿತಿಯೇ ಹೊರತು ಕಾಯಂ ಹಕ್ಕಲ್ಲ.

2019ರಲ್ಲಿ ಏನಾಯಿತು?

ರಾಷ್ಟ್ರಮಟ್ಟದಲ್ಲಿ ನ್ಯಾಷನಲ್ ಅಸೋಸಿಯೇಷನ್ ಫಾರ್ ಗನ್ ರೈಟ್ಸ್ ಇಂಡಿಯಾದಂಥ ಸಂಘಟನೆಗಳು ಆತ್ಮರಕ್ಷಣೆಯ ವಾದ ಮಂಡಿಸುತ್ತವೆ. 2019ರ ತಿದ್ದುಪಡಿ ಮಸೂದೆ ಬಂದಾಗ ಈ ಸಂಘಟನೆ ವಿರೋಧಿಸಿತು. 1983ರಿಂದ ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು. ಮಸೂದೆ ಅದನ್ನು ಒಂದಕ್ಕೆ ಇಳಿಸಲು ಹೊರಟಿತ್ತು. ವಿರೋಧದ ನಂತರ ಎರಡಕ್ಕೆ ನಿಂತಿತು. ಮೂರನೆಯದನ್ನು ಒಂದು ವರ್ಷದೊಳಗೆ ಒಪ್ಪಿಸಬೇಕಾಯಿತು. ಲೈಸೆನ್ಸ್ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು.

ಇದು ಗೆಲುವೋ ಸೋಲೋ? ತಾತ ಮುತ್ತಾತನ ಕಾಲದ ಬಂದೂಕುಗಳನ್ನು ಜೋಪಾನ ಮಾಡಿಟ್ಟ ಮನೆತನಕ್ಕೆ ನಷ್ಟ. ಶೂಟಿಂಗ್ ಕ್ರೀಡಾಪಟುಗಳಿಗೆ ಪ್ರತ್ಯೇಕ ವಿನಾಯಿತಿ ಇದ್ದುದರಿಂದ ಅವರಿಗೆ ಅಷ್ಟು ತೊಂದರೆಯಾಗಲಿಲ್ಲ. ಒಂದೇ ಒಂದು ಬಂದೂಕಿಗೆ ಅರ್ಜಿ ಹಾಕಿ ಕಾಯುವ ರೈತನಿಗೆ ಈ ಲೆಕ್ಕದಿಂದ ಆಗುವುದೂ ಇಲ್ಲ, ಹೋಗುವುದೂ ಇಲ್ಲ.

ಕಮಲಾಪುರದ ರೈತನಿಗೆ ಯಾವ ವಾದ ಉಪಯೋಗ?

ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ ಹೊಲ ಕಾಯುವ ರೈತ ಕೊಡವನೂ ಅಲ್ಲ, ಜಮ್ಮಾ ಹಿಡುವಳಿದಾರನೂ ಅಲ್ಲ. “ಮೂಲಭೂತ ಹಕ್ಕು” ಎಂದು ಅರ್ಜಿಯಲ್ಲಿ ಬರೆದರೆ ಪ್ರಯೋಜನವಿಲ್ಲ. ಆದರೆ 1959ರ ಆಯುಧ ಕಾಯ್ದೆಯಲ್ಲೇ ಅವನಿಗೆ ಗಟ್ಟಿ ಆಸರೆಯಿದೆ. ಸೆಕ್ಷನ್ 13ರ ಪ್ರಕಾರ, ನಿಜವಾಗಿ ಬೆಳೆ ರಕ್ಷಣೆಗೆ ನಳಿಕೆಯ ಬಾಯಿಯಿಂದ ಮದ್ದು ತುಂಬುವ ಬಂದೂಕು ಕೇಳಿದರೆ, ಅಡ್ಡಿಪಡಿಸುವ ಕಾರಣಗಳಿಲ್ಲದಿದ್ದಾಗ ಲೈಸೆನ್ಸ್ ಕೊಡಬೇಕು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ಬಂದೂಕಿಗೂ ಅವಕಾಶವಿದೆ. ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸುವಂತಿಲ್ಲ ಎಂದು ಸೆಕ್ಷನ್ 14 ಹೇಳುತ್ತದೆ. ತಿರಸ್ಕರಿಸಿದರೆ ಮೇಲ್ಮನವಿ ಹಾಕಬಹುದು.

ಕಮಲಾಪುರದವರು ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು. ಕಲಬುರಗಿ ನಗರದವರು ನಗರ ಪೊಲೀಸ್ ಆಯುಕ್ತರಿಗೆ ಹಾಕಬೇಕು. ಎರಡೂ ಕಡೆ ಪೊಲೀಸ್ ವರದಿ ಕಡ್ಡಾಯ.

ಮುಖ್ಯವಾದ ಎಚ್ಚರಿಕೆ: ಬಂದೂಕಿನ ಲೈಸೆನ್ಸ್ ಬೇಟೆಯ ಅನುಮತಿಯಲ್ಲ. ಕಾಡುಹಂದಿಯನ್ನು ಕೊಲ್ಲಲು 1972ರ ವನ್ಯಜೀವಿ ಕಾಯ್ದೆಯಡಿ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇರೆಯೇ ಬೇಕು. ಕೃಷ್ಣಮೃಗ ಮೊದಲನೇ ಪಟ್ಟಿಯ ಪ್ರಾಣಿ. ಬೆಳೆ ತಿಂದಿತು ಎಂಬ ಕಾರಣಕ್ಕೆ ಅದನ್ನು ಹೊಡೆಯಲು ಅನುಮತಿಯೇ ಸಿಗುವುದಿಲ್ಲ. ಈ ಫಾರ್ವರ್ಡ್ ನಂಬಿದವನಿಗೆ ಬೆಳೆಯ ಜೊತೆಗೆ ಜೈಲೂ ಗಂಟುಬೀಳಬಹುದು.

ಚುನಾವಣೆ ಬಂದಾಗ ಎಲ್ಲರೂ ಬಂದೂಕು ಒಪ್ಪಿಸಬೇಕೇ?

ಚುನಾವಣಾ ಆಯೋಗದ ಸೂಚನೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ಪರಿಶೀಲನಾ ಸಮಿತಿ ಇರಬೇಕು. ಜಾಮೀನಿನ ಮೇಲಿರುವವರು, ಅಪರಾಧ ಹಿನ್ನೆಲೆಯವರು, ಗಲಭೆಗಳಲ್ಲಿ ಭಾಗಿಯಾದವರ ಲೈಸೆನ್ಸ್‌ಗಳನ್ನು ಅದು ಮುಖ್ಯವಾಗಿ ನೋಡಬೇಕು. ರೂಢಿಯಿಂದ ಆಯುಧ ಧರಿಸುವ ಸಮುದಾಯಗಳಿಗೆ ರಿಯಾಯಿತಿ ಇದೆ. ಇಲ್ಲಿಯೂ ಅದೇ ಕವಲು: ರೂಢಿಯ ವಾದ ಕೆಲವರನ್ನು ಕಾಪಾಡುತ್ತದೆ. ಹೊಲದಲ್ಲಿ ಬೆಳೆ ನಿಂತಿರುವಾಗ ಬಂದೂಕು ಠಾಣೆಯಲ್ಲಿಟ್ಟ ಬಯಲುಸೀಮೆಯ ರೈತನಿಗೆ ಆ ವಾದ ಸಿಗುವುದಿಲ್ಲ. “ಪ್ರತಿಯೊಬ್ಬರ ಪ್ರಕರಣವನ್ನೂ ಬೇರೆಬೇರೆಯಾಗಿ ಪರಿಶೀಲಿಸಿ” ಎಂಬ ಬೇಡಿಕೆ ಮಾತ್ರ ಎಲ್ಲರಿಗೂ ಹೊಂದುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

- “ಬಂದೂಕು ಮೂಲಭೂತ ಹಕ್ಕು”: ತಪ್ಪು. ಭಾರತದಲ್ಲಿ ಅದು ಕಾನೂನು ಷರತ್ತು ಹಾಕಿ ಕೊಡುವ ಅನುಮತಿ.
- “ಕೊಡಗಿನಲ್ಲಿ ಯಾರಿಗೂ ಲೈಸೆನ್ಸ್ ಬೇಡ”: ತಪ್ಪು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಮಾತ್ರ, ಅದೂ ಸದ್ಯಕ್ಕೆ 2029ರವರೆಗೆ.
- “ಆಸ್ತಿ ಇದ್ದವರಿಗೆ ಮಾತ್ರ ಲೈಸೆನ್ಸ್”: ತಪ್ಪು. ಕಾಯ್ದೆಯೇ ಇದನ್ನು ತಡೆಯುತ್ತದೆ.
- “ಮದುವೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿದರೆ ಏನಾಗುತ್ತದೆ?”: ಇತರರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.
- “ನಾಡಬಂದೂಕಿಗೆ ಲೈಸೆನ್ಸ್ ಬೇಡ”: ತಪ್ಪು. ಲೈಸೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ 2ರಿಂದ 5 ವರ್ಷ ಜೈಲು.

ಮುಂದಿನ ಬಾರಿ “ಬಂದೂಕು ಹಕ್ಕು ಉಳಿಸಿ” ಎಂಬ ಸಂದೇಶ ಬಂದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಯಾರ ಬಂದೂಕನ್ನು, ಯಾವ ಕಾರಣ ಕೊಟ್ಟು ಉಳಿಸುತ್ತಿದೆ? ಆ ಕಾರಣ ನಿಮಗೆ ಅನ್ವಯಿಸದಿದ್ದರೆ ಆ ಸಂದೇಶದಿಂದ ನಿಮಗೆ ಲಾಭವಿಲ್ಲ. ನಂಬಿ ನಡೆದರೆ ಕೇಸು ಮಾತ್ರ ನಿಮ್ಮ ಹೆಸರಿಗೇ ಬೀಳುತ್ತದೆ.