ಕಡಲ ನಡುವಿನ ಶಿಲಾಸ್ಮಾರಕ

ಪೀಣ್ಯದ ಕೈಗಾರಿಕಾ ಪ್ರದೇಶದ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದಾಗ ಮಕ್ಕಳನ್ನು ಉಡುಪಿಯ ಕಡೆಗೆ ಪ್ರವಾಸಕ್ಕೆ ಕರೆದೊಯ್ದಿದ್ದೆನು. ಮಲ್ಪೆಯಿಂದ ದೋಣಿಯೇರಿ, ಸೇಂಟ್ ಮೇರೀಸ್ ದ್ವೀಪವನ್ನು ನೋಡಿ ಹಿಂದಿರುಗುವಾಗ ವಿದ್ಯಾರ್ಥಿಯೊಬ್ಬನ ಚೀಲದಲ್ಲಿ ಅಲ್ಲಿನ ಕಂಬದಿಂದ ಮುರಿದು ತೆಗೆದ ಕಲ್ಲಿನ ಚೂರೊಂದು ಕಂಡಿತು. "ಇದನ್ನೇಕೆ ತಂದೆಯಪ್ಪಾ?" ಎಂದು ಕೇಳಿದೆ. "ಅಲ್ಲಿ ಅಷ್ಟೊಂದು ಕಲ್ಲುಗಳಿವೆಯಲ್ಲ ಸಾರ್, ಒಂದು ಚೂರಿನಿಂದ ಏನು ನಷ್ಟ?" ಎಂದನು. ಅಂದು ಅವನನ್ನು ಗದರಿಸಿದೆನೇ ಹೊರತು ಉತ್ತರ ಹೇಳಲಿಲ್ಲ. ಆ ತಪ್ಪನ್ನು ಈಗ ತಿದ್ದಿಕೊಳ್ಳಬೇಕೆಂದಿದ್ದೇನೆ.

ಮಲ್ಪೆಯಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿ, ಅರಬ್ಬೀ ಸಮುದ್ರದಲ್ಲಿ ಈ ದ್ವೀಪಗಳಿವೆ. ಸ್ಥಳೀಯರು ಇದನ್ನು ತೋನ್ಸೆಪಾರ್ ಎನ್ನುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿಳಿದು ಮಾತೆ ಮೇರಿಯ ಹೆಸರನ್ನಿಟ್ಟನೆಂಬ ಪ್ರತೀತಿಯುಂಟು. ಆದರೆ ಇಲ್ಲಿನ ಶಿಲೆಗಳ ವಯಸ್ಸಿನ ಮುಂದೆ ಐದು ಶತಮಾನಗಳು ಒಂದು ಕ್ಷಣಕ್ಕೆ ಸಮ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಒಂದೇ ಭೂಭಾಗವಾಗಿದ್ದ ಭಾರತವೂ ಮಡಗಾಸ್ಕರವೂ ಬೇರ್ಪಡುವ ಕಾಲದಲ್ಲಿ, ಭೂಗರ್ಭದಿಂದ ಲಾವಾರಸವು ಉಕ್ಕಿತೆಂದು ವಿಜ್ಞಾನಿಗಳು ಹೇಳುತ್ತಾರೆ. ಅದು ತಣಿದು ಕುಗ್ಗುವಾಗ, ಒಣಗಿದ ಕೆರೆಯ ಕೆಸರು ಬಿರಿಯುವಂತೆ ಬಿರುಕುಗಳು ಮೂಡಿ, ಆಳಕ್ಕಿಳಿದು, ಸಾಲುಸಾಲಾದ ಬಹುಕೋನದ ಕಂಬಗಳಾದವು. ಉತ್ತರ ಐರ್ಲೆಂಡಿನ ಕಡಲತೀರದಲ್ಲಿ ಇಂತಹುದೇ ಕಂಬಗಳಿರುವ 'ಜೈಂಟ್ಸ್ ಕಾಸ್‌ವೇ' 1986ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ನಮ್ಮ ದ್ವೀಪವೂ, ಬೆಂಗಳೂರಿನ ಲಾಲ್‌ಬಾಗಿನ ಬಂಡೆಯೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂಬ ಮನ್ನಣೆ ಪಡೆದಿವೆ.

ಮನ್ನಣೆಯೊಂದರಿಂದಲೇ ರಕ್ಷಣೆ ದೊರೆಯದು. ಪೀಣ್ಯದ ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗವೊಂದು ಮುರಿದರೆ, ಅಚ್ಚಿರುವುದರಿಂದ ಇನ್ನೊಂದನ್ನು ಎರಕ ಹೊಯ್ಯಬಹುದು. ದೇಗುಲದ ಗೋಡೆ ಕುಸಿದರೆ ಶಿಲ್ಪಿಗಳು ಮತ್ತೆ ಕಟ್ಟಬಲ್ಲರು. ಈ ಕಂಬಗಳನ್ನು ಎರೆದ ಅಚ್ಚಾದರೋ, ಭಾರತವು ಮಡಗಾಸ್ಕರದಿಂದ ಅಗಲಿದಂದೇ ಮುಗಿದುಹೋಯಿತು. ಅಲೆಗಳೂ ಕಲ್ಲನ್ನು ಸವೆಸುತ್ತವೆ, ನಿಜ. ಆದರೆ ಅಲೆಯು ಯುಗಗಳಲ್ಲಿ ಮಾಡುವುದನ್ನು ಮನುಷ್ಯನ ಕೈ ಒಂದು ಪೆಟ್ಟಿನಲ್ಲಿ ಮಾಡಿಬಿಡುತ್ತದೆ. ಬಂದವರೆಲ್ಲರೂ ಒಂದೊಂದೇ ಚೂರನ್ನು ಒಯ್ದರೂ, ಒಂದೊಂದೇ ಪ್ಲಾಸ್ಟಿಕ್ ಬಾಟಲಿಯನ್ನು ಬಿಟ್ಟುಬಂದರೂ ದ್ವೀಪದ ಗತಿಯೇನು?

ಮಕ್ಕಳೇ, ಚೀಲ ಸೇರಿದ ಕಲ್ಲು ಬರಿಯ ಕಲ್ಲು. ತನ್ನ ನೆಲೆಯಲ್ಲಿ ನಿಂತ ಕಲ್ಲು ಭೂಮಿಯ ಚರಿತ್ರೆಯ ಒಂದು ಪುಟ. ಪುಸ್ತಕಾಲಯದ ಗ್ರಂಥದಿಂದ ಪುಟವನ್ನು ಹರಿಯುವುದು ತಪ್ಪೆಂದು ನೀವು ಬಲ್ಲಿರಿ. ದ್ವೀಪಕ್ಕೆ ಹೋದಾಗ ಕಂಬಗಳ ಕೋನಗಳನ್ನೆಣಿಸಿ, ಅವುಗಳ ಚಿತ್ರ ಬರೆದುಕೊಂಡು ಬನ್ನಿರಿ. ನಿಮ್ಮ ಬಳಿಕ ಬರುವವರಿಗೂ ಎಣಿಸಲು ಆ ಕಂಬಗಳು ಉಳಿದಿರಲಿ.