ಇಪ್ಪತ್ತೈದು ಟನ್ನಿನ ಹೂಮಾಲೆ

ಪಕ್ಕದ ಮನೆಯಲ್ಲಿ ಅಣ್ಣತಮ್ಮಂದಿರು ಬಡಿದಾಡುತ್ತಿದ್ದಾರೆ. ಒಳಗೆ ಕೂಸೊಂದು ಹಸಿದು ಅಳುತ್ತಿದೆ. ಯಜಮಾನನು ಬಾಗಿಲಿಗೆ ಅಗುಳಿ ಹಾಕಿಕೊಂಡು, ‘ಇದು ನಮ್ಮ ಮನೆಯ ವಿಚಾರ, ಯಾರೂ ಬರಕೂಡದು’ ಎನ್ನುತ್ತಾನೆ. ಹಿತ್ತಿಲ ಗೋಡೆಯಾಚೆಯಿಂದ ಅನ್ನದ ಗಂಟನ್ನು ಒಳಗೆಸೆಯಬಹುದೆ? ಎಸೆಯಬಹುದು ಎಂದು ವಾಚಕ ಬಂಧುಗಳಲ್ಲಿ ಬಹುಮಂದಿ ಹೇಳಿಯಾರು. ನಾವೂ ಹಾಗೆಯೇ ಹೇಳುತ್ತಿದ್ದೆವು. ಆದರೆ ಗಂಟನ್ನೆಸೆದವನೇ ಹಿಂದೊಮ್ಮೆ ಆ ತಮ್ಮನ ಕೈಗೆ ದೊಣ್ಣೆಯನ್ನೂ ಕೊಟ್ಟಿದ್ದನೆಂದಾದರೆ?

1987ರ ಜೂನ್ ತಿಂಗಳ ಮೊದಲ ವಾರದಲ್ಲಿ ಭಾರತ ಮತ್ತು ಶ್ರೀಲಂಕೆಗಳ ನಡುವೆ ನಡೆದುದು ಹೆಚ್ಚುಕಡಿಮೆ ಇದೇ.

1983ರ ಜುಲೈ ತಿಂಗಳ ಹತ್ಯಾಕಾಂಡದ ತರುವಾಯ ಲಂಕೆಯ ತಮಿಳರು ಸಹಸ್ರಾರು ಸಂಖ್ಯೆಯಲ್ಲಿ ಕಡಲು ದಾಟಿ ರಾಮೇಶ್ವರದ ದಡ ಸೇರಿದರು. ಅವರಿಗೆ ಆಶ್ರಯವಿತ್ತುದು ಸರಿಯಾದ ಕಾರ್ಯ. ಅದರೊಡನೆ ತಮಿಳು ಉಗ್ರಪಡೆಗಳಿಗೆ ಭಾರತದ ನೆಲದಲ್ಲಿ ಶಸ್ತ್ರಾಭ್ಯಾಸವೂ ನಡೆಯಿತು. ಇದು ಇಂದು ಗುಟ್ಟಾಗಿ ಉಳಿದಿಲ್ಲ. 1987ರ ಆರಂಭದಲ್ಲಿ ಜಾಫ್ನಾದ ಆಡಳಿತವನ್ನು ತಾವೇ ವಹಿಸಿಕೊಳ್ಳುವೆವೆಂದು ಎಲ್‌ಟಿಟಿಇಯವರು ಸಾರಿದಾಗ, ಕೊಲಂಬೊ ಸರ್ಕಾರವು ಆ ಪರ್ಯಾಯದ್ವೀಪಕ್ಕೆ ಇಂಧನ ಹೋಗದಂತೆ ತಡೆಯೊಡ್ಡಿತು. ಏಪ್ರಿಲ್‌ನಲ್ಲಿ ಕೊಲಂಬೊ ಬಸ್ ನಿಲ್ದಾಣದಲ್ಲಿ ಬಾಂಬು ಸಿಡಿದು ನೂರಕ್ಕೂ ಮೀರಿ ನಿರಪರಾಧಿಗಳು ಸತ್ತರು. ಮೇ 26ರಂದು ವಡಮರಾಚ್ಚಿಯ ಮೇಲೆ ಲಂಕೆಯ ಸೇನೆ ನುಗ್ಗಿತು. ಯಾರ ಕೈಯೂ ಶುದ್ಧವಾಗಿರಲಿಲ್ಲ. ನಡುವೆ ಸಿಕ್ಕವರು ಮಾತ್ರ ಸಾಮಾನ್ಯ ಸಂಸಾರಿಗಳು.

ಭಾರತ ಸರ್ಕಾರವು ಪರಿಹಾರ ಸಾಮಗ್ರಿಯನ್ನು ದೋಣಿಗಳಲ್ಲಿ ಕಳುಹಿಸುವುದಾಗಿ ತಿಳಿಸಿತು. ಜಾಫ್ನಾದಲ್ಲಿ ಹಸಿವಿಲ್ಲ, ನಮ್ಮ ಪ್ರಜೆಗಳನ್ನು ನಾವೇ ನೋಡಿಕೊಳ್ಳಬಲ್ಲೆವು ಎಂದು ಅಧ್ಯಕ್ಷ ಜೆ.ಆರ್. ಜಯವರ್ಧನೆಯವರ ಸರ್ಕಾರ ನಿರಾಕರಿಸಿತು. ಆದರೂ ಜೂನ್ 3ರಂದು ರೆಡ್‌ಕ್ರಾಸ್ ಧ್ವಜ ಹೊತ್ತ ಸುಮಾರು ಇಪ್ಪತ್ತು ಮೀನುಗಾರಿಕೆಯ ದೋಣಿಗಳು, ಪತ್ರಕರ್ತರನ್ನೂ ಕೂಡಿಸಿಕೊಂಡು, ರಾಮೇಶ್ವರದಿಂದ ಹೊರಟವು. ಲಂಕೆಯ ನೌಕಾಪಡೆ ನಡುಗಡಲಲ್ಲಿ ಅಡ್ಡಗಟ್ಟಿತು. ಗಂಟೆಗಟ್ಟಲೆ ವಾದವಾದ ಮೇಲೆ ದೋಣಿಗಳು ಹೇರಿದ ಸರಕಿನೊಡನೆಯೇ ಹಿಂದಿರುಗಿದವು.

ಮರುದಿನದ ಸಂಗತಿ ರಾಜತಂತ್ರದ ಇತಿಹಾಸದಲ್ಲಿ ಅಪರೂಪದ್ದು. ದೆಹಲಿಯಲ್ಲಿ ವಿದೇಶಾಂಗ ಖಾತೆಯ ರಾಜ್ಯಮಂತ್ರಿ ನಟವರ ಸಿಂಗ್ ಅವರು ಲಂಕೆಯ ಹೈಕಮಿಷನರ್ ಬರ್ನಾರ್ಡ್ ತಿಲಕರತ್ನ ಅವರನ್ನು ಕರೆಸಿಕೊಂಡರು. ಕೆಲವೇ ಹೊತ್ತಿನಲ್ಲಿ ಭಾರತದ ವಿಮಾನಗಳು ಜಾಫ್ನಾದ ಮೇಲೆ ಆಹಾರ ಹಾಕಲಿವೆ, ತಡೆದರೆ ಬಲದಿಂದಲೇ ಉತ್ತರ ದೊರೆಯುವುದು ಎಂದು ತಿಳಿಸಿದರು. ಇದು ಅನುಮತಿಯ ಕೋರಿಕೆಯಲ್ಲ, ಬರಿಯ ತಿಳುವಳಿಕೆ. ಐದು ಆಂಟನೋವ್-32 ಸರಕು ವಿಮಾನಗಳು ಬೆಂಗಳೂರಿನಿಂದ ಏರಿದವು. ಬೆಂಗಾವಲಿಗೆ ಮಿರಾಜ್-2000 ಯುದ್ಧವಿಮಾನಗಳು. ಸುಮಾರು 25 ಟನ್ ಸಾಮಗ್ರಿಯನ್ನು ಪ್ಯಾರಾಚೂಟ್‌ಗಳಲ್ಲಿ ಇಳಿಬಿಟ್ಟು ಹಾನಿಯಿಲ್ಲದೆ ಮರಳಿದವು. ಕಾರ್ಯಾಚರಣೆಯ ಹೆಸರು ‘ಪೂಮಾಲೈ’. ತಮಿಳಿನ ಪೂ ನಮ್ಮ ಹೂ ಎಂಬುದನ್ನು ಹೊಸೂರು, ತಾಳವಾಡಿಯ ವಾಚಕರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಆಗ ನಾವು ಶಿಕ್ಷಕ ತರಬೇತಿಯ ಹುಡುಗರು. ವಿದ್ಯಾರ್ಥಿನಿಲಯದ ರೇಡಿಯೋ ಸುತ್ತ ನೆರೆದು ವಾರ್ತೆ ಕೇಳಿದೆವು. ತಮಿಳು ಗೆಳೆಯರು ಕುಣಿದರು, ನಾವೂ ಕುಣಿದೆವು. ನಮ್ಮ ಗಣಿತದ ಮೇಷ್ಟ್ರು ಮಾತ್ರ ಬಾಗಿಲಲ್ಲಿ ನಿಂತು, ‘ಅಲ್ಲಪ್ಪಾ, ತಲೆಗೆಷ್ಟು ಬಂತು, ಲೆಕ್ಕ ಹಾಕಿದಿರಾ?’ ಎಂದರು. ಜಾಫ್ನಾ ಜಿಲ್ಲೆಯ ಜನಸಂಖ್ಯೆ ಆಗ ಸುಮಾರು ಎಂಟು ಲಕ್ಷ. ಇಪ್ಪತ್ತೈದು ಟನ್ನನ್ನು ಭಾಗಿಸಿದರೆ ತಲೆಗೆ ಮೂವತ್ತೊಂದು ಗ್ರಾಂ; ಒಂದು ಹಿಡಿ ಅಕ್ಕಿಯೂ ಆಗದು. ಉತ್ತರ ಬರೆದವನು ನಮ್ಮಲ್ಲೊಬ್ಬ; ಉಳಿದವರು ಅವನ ಮೇಲೆ ಮುನಿಸಿಕೊಂಡೆವು.

ಹಸಿವು ಸುಳ್ಳೆಂದು ಆ ಲೆಕ್ಕದ ಅರ್ಥವಲ್ಲ. ತಿಂಗಳುಗಟ್ಟಲೆ ತಡೆಯಲ್ಲಿದ್ದ ಊರಿಗೆ ಔಷಧಿಯೂ ಆಹಾರವೂ ಬೇಕಾಗಿದ್ದವು. ಆದರೆ ಆ ಗಂಟು ಜಾಫ್ನಾದ ಅಂಗಳದಲ್ಲಿ ಬಿದ್ದರೂ, ಅದರೊಳಗಿನ ಓಲೆಯ ವಿಳಾಸ ಕೊಲಂಬೊ ಎಂದಿತ್ತು: ಸೇನೆ ಮುಂದುವರಿಯಬಾರದು ಎಂದು. ಲಂಕೆಯು ತನ್ನ ಸಾರ್ವಭೌಮತ್ವಕ್ಕೆ ಭಂಗವಾಯಿತೆಂದು ಪ್ರತಿಭಟಿಸಿತು. ಆ ಮಾತಿನಲ್ಲಿ ನ್ಯಾಯವಿರಲಿಲ್ಲವೆನ್ನಲಾಗದು. 1949ರ ಜಿನೀವಾ ಒಡಂಬಡಿಕೆಗಳ ಮೂರನೆಯ ವಿಧಿಯಂತೆ, ಅಂತರ್ಯುದ್ಧದಲ್ಲಿ ರೆಡ್‌ಕ್ರಾಸ್‌ನಂತಹ ನಿಷ್ಪಕ್ಷಪಾತ ಸಂಸ್ಥೆ ತನ್ನ ಸೇವೆಯನ್ನು ‘ನೀಡಬರಬಹುದು’. ನೀಡಬರುವುದು ಬೇರೆ, ಯುದ್ಧವಿಮಾನದ ನೆರಳಿನಲ್ಲಿ ಹೇರುವುದು ಬೇರೆ. ಕಾಶ್ಮೀರದ ವಿಷಯದಲ್ಲಿ ಮೂರನೆಯವರು ಬಾಯಿ ಹಾಕಕೂಡದೆಂಬ ಭಾರತವೇ ಇದನ್ನು ಮಾಡಿತೆಂಬುದನ್ನು ನೆರೆಹೊರೆಯವರು ಮರೆಯಲಿಲ್ಲ.

ಓಲೆ ತಲುಪಿತು. ಅದೇ ತಿಂಗಳ ನಡುವೆ ಕೊಲಂಬೊ ಸರ್ಕಾರವು ಭಾರತದ ನೆರವನ್ನು ಸ್ವೀಕರಿಸಲು ಒಪ್ಪಿತು. ತಿಂಗಳ ಕೊನೆಗೆ ಸಾಮಗ್ರಿ ಹೊತ್ತ ಹಡಗು ಹಗಲು ಬೆಳಕಿನಲ್ಲಿ, ಬೆಂಗಾವಲಿಲ್ಲದೆ, ಕಂಕೇಸಂತುರೈ ಬಂದರಿಗೆ ಬಂದಿತು. ವಿಮಾನಗಳು ಹಾಕಿದುದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಸರಕು ಹೀಗೆ ಸದ್ದಿಲ್ಲದೆ ಹೋಯಿತು. ಅದಕ್ಕೆ ಯಾರೂ ಕುಣಿಯಲಿಲ್ಲ.

ಮುಂದಿನದು ವಾಚಕರಿಗೆ ತಿಳಿದದ್ದೇ. ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಶಾಂತಿಪಾಲನೆಗೆಂದು ಹೋದ ಭಾರತೀಯ ಸೇನೆಯು ಅಕ್ಟೋಬರ್ ವೇಳೆಗೆ ಅದೇ ಎಲ್‌ಟಿಟಿಇಯೊಡನೆ ಕಾದಾಟಕ್ಕಿಳಿಯಿತು. 1990ರ ಮಾರ್ಚ್‌ನಲ್ಲಿ ಅದು ಮರಳುವಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಯೋಧರು ಸತ್ತಿದ್ದರು. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಕೊಲೆಯಾಯಿತು.

2009ರಲ್ಲಿ ಯುದ್ಧದ ಕೊನೆಯ ತಿಂಗಳುಗಳಲ್ಲಿ ಮುಲ್ಲೈತೀವಿನ ಮರಳ ದಡದ ಕಿರಿದಾದ ಪಟ್ಟಿಯೊಂದರಲ್ಲಿ ಲಕ್ಷಾಂತರ ಮಂದಿ ಸಿಕ್ಕಿಬಿದ್ದರು. ಎಲ್‌ಟಿಟಿಇ ಅವರನ್ನು ಹೊರಬಿಡಲಿಲ್ಲ. ಸೇನೆಯ ಫಿರಂಗಿಗಳು ನಿಲ್ಲಲಿಲ್ಲ. ಆ ವರ್ಷ ಬೆಂಗಳೂರಿನಿಂದ ಯಾವ ವಿಮಾನವೂ ಏರಲಿಲ್ಲ. ಫೆಬ್ರವರಿಯಿಂದ ಮೇ ತಿಂಗಳ ಮೊದಲ ದಿನಗಳವರೆಗೆ ಅಂತರರಾಷ್ಟ್ರೀಯ ರೆಡ್‌ಕ್ರಾಸ್‌ನವರು ಬಾಡಿಗೆಯ ಹಡಗಿನಲ್ಲಿ, ಎರಡೂ ಪಕ್ಷಗಳನ್ನು ಪ್ರತಿ ಸಲವೂ ಒಪ್ಪಿಸಿ, ಆ ದಡಕ್ಕೆ ಆಹಾರ ಒಯ್ದು, ಗಾಯಗೊಂಡ ಸಾವಿರಾರು ಮಂದಿಯನ್ನು ಹೊರತಂದರು. ದಡಕ್ಕೆ ಹಡಗು ತಾಗದು. ಗಾಯಾಳುಗಳನ್ನು ಮೀನುಗಾರರ ಸಣ್ಣ ದೋಣಿಗಳಲ್ಲಿ ಮಲಗಿಸಿ ಹಡಗಿಗೆ ತಂದು ಏರಿಸುತ್ತಿದ್ದರು.