ಹಗೇವಿನ ಪಾಠ



ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಆ ದಿನಗಳಲ್ಲಿ ನಮ್ಮ ಮನೆಗಳಿಗೆ ಫ್ಯಾನೇ ದೊಡ್ಡ ವೈಭವವಾಗಿತ್ತು. ಈಗ ಹಳ್ಳಿಯ ಮನೆಗಳಲ್ಲೂ ಎ.ಸಿ. ಕಾಣುತ್ತಿದೆ. ಅದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಸವಣೂರಿನ ಏಪ್ರಿಲ್ ಬಿಸಿಲನ್ನು ನಾನೂ ಉಂಡಿದ್ದೇನೆ. ಆದರೆ ಗೋಡೆಗೆ ಹಾಕಿಸಿದ ಯಂತ್ರವನ್ನು ಮರೆತುಬಿಡುವ ನಮ್ಮ ರೂಢಿಗೆ ಆಕ್ಷೇಪಣೆಯಿದೆ. ಈ ವಿಷಯದಲ್ಲಿ ಮೊದಲ ಅಪರಾಧಿ ನಾನೇ.

ಹಾನಗಲ್ಲಿನ ನಮ್ಮ ಮನೆಗೆ ಮಗ ಎ.ಸಿ. ಹಾಕಿಸಿಕೊಟ್ಟನು. ಎರಡು ವರ್ಷ ಅದರ ಮುಚ್ಚಳ ತೆರೆಯಲಿಲ್ಲ. ಮಳೆಗಾಲದಲ್ಲೂ ಕಿಟಕಿ ಮುಚ್ಚಿ ಅದನ್ನೇ ಹಚ್ಚುತ್ತಿದ್ದೆವು. ನನ್ನವಳಿಗೆ ರಾತ್ರಿ ಕೆಮ್ಮು, ಎದೆಯಲ್ಲಿ ಸಿಳ್ಳೆಯಂಥ ಸದ್ದು. "ಹವಾಮಾನದ ನೆಗಡಿ" ಎಂದು ನಾನು ತೀರ್ಪು ಕೊಟ್ಟೆ. ಶಿಗ್ಗಾವಿಯಲ್ಲಿ ಮಗಳ ಮನೆಗೆ ಹೋದ ವಾರ ಕೆಮ್ಮು ಇಳಿದಿತ್ತು. ಆಗಲೂ ನನಗೆ ಹೊಳೆಯಲಿಲ್ಲ. ಮಲಗುವ ಕೋಣೆಯಲ್ಲಿ ತೇವವಿದೆಯೇ ಎಂದು ವೈದ್ಯರು ಕೇಳಿದ ಮೇಲೆಯೇ ಎ.ಸಿ. ದುರಸ್ತಿ ಮಾಡುವ ಹಳೆಯ ಶಿಷ್ಯನನ್ನು ಕರೆಸಿದೆ. ಮುಚ್ಚಳ ತೆಗೆದು ಅವನು ಮೆಲ್ಲಗೆ ಹೇಳಿದ: "ಸರ್, ತೋಯಿಸಿದ ರೊಟ್ಟಿ ತುಣುಕು ಮುಚ್ಚಿಟ್ಟು ಬೂಷ್ಟು ತೋರ್ಸಿದ್ರಿ ನಮಗ. ಇದೂ ಅದಽ ನೋಡ್ರಿ." ಒಳಗೆಲ್ಲ ಕಪ್ಪು ಚುಕ್ಕೆಗಳು.

ಕಾರಣ ಸರಳವಾಗಿದೆ. ತಣ್ಣನೆಯ ಕಾಯಿಲಿನ ಮೇಲೆ ಗಾಳಿಯ ತೇವ ನೀರಾಗಿ ಕೂಡುತ್ತದೆ; ಧೂಳು ಬೂಷ್ಟಿಗೆ ಆಹಾರವಾಗುತ್ತದೆ. ಯಂತ್ರ ಹಚ್ಚಿದೊಡನೆ ಅದರ ಬೀಜಕಗಳು ಕೋಣೆಯ ತುಂಬ ಹರಡುತ್ತವೆ. ಗೋಡೆಯ ಎ.ಸಿ. ಸಾಮಾನ್ಯವಾಗಿ ಹೊರಗಿನ ಗಾಳಿಯನ್ನು ತರುವುದಿಲ್ಲ, ಒಳಗಿನದನ್ನೇ ತಿರುಗಿಸುತ್ತದೆ. ಎಲ್ಲರಿಗೂ ಇದರಿಂದ ಕಾಯಿಲೆ ಬರುವುದಿಲ್ಲ. ಅಲರ್ಜಿಯವರಿಗೆ ಸೀನು, ಕೆಮ್ಮು. ಅಸ್ತಮಾದವರಿಗೆ ಉಬ್ಬಸ ಹೆಚ್ಚುತ್ತದೆ. ಅಪರೂಪಕ್ಕೆ ಶ್ವಾಸಕೋಶವೇ ಊದಿಕೊಳ್ಳಬಹುದು. ಬೂಷ್ಟು ಹಿಡಿದ ಹುಲ್ಲಿನ ಧೂಳಿನಿಂದ ರೈತರಿಗೆ ಬರುವ ಕಾಯಿಲೆಯೂ ಇದೇ ಜಾತಿಯದು.

ನಮ್ಮ ಹಿರಿಯರು ಜೋಳದ ಹಗೇವನ್ನು ತೆರೆದೊಡನೆ ಒಳಗಿಳಿಯುತ್ತಿರಲಿಲ್ಲ. ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯಬಾರದು. ಮುಚ್ಚಿದ ಜಾಗದ ಗಾಳಿಯನ್ನು ನಂಬಬಾರದೆಂಬುದು ಅವರಿಗೆ ತಿಳಿದಿತ್ತು. ಬಿ.ಎಡ್. ಮಾಡಿದ ನಾನು ಅದನ್ನು ಮರೆತೆ.

ಆದ್ದರಿಂದ ನನ್ನ ವಿನಂತಿ: ಎ.ಸಿ. ಬಳಸುವ ದಿನಗಳಲ್ಲಿ ಹದಿನೈದು ದಿನಕ್ಕೊಮ್ಮೆ ಜಾಲರಿಯನ್ನು ತೊಳೆದು ಪೂರ್ತಿ ಒಣಗಿಸಿ ಹಾಕಿರಿ. ಆರಿಸುವ ಮುನ್ನ ಸ್ವಲ್ಪ ಹೊತ್ತು ಫ್ಯಾನ್ ಮಾತ್ರ ಓಡಿಸಿ ಒಳಭಾಗ ಒಣಗಲು ಬಿಡಿರಿ. ನೀರು ಹೋಗುವ ಪೈಪು ಕಟ್ಟಿಕೊಳ್ಳದಂತೆ ನೋಡಿಕೊಳ್ಳಿರಿ. ವರ್ಷಕ್ಕೊಮ್ಮೆಯಾದರೂ ಕಾಯಿಲು, ತಟ್ಟೆಗಳನ್ನು ಬಲ್ಲವರಿಂದ ತೊಳೆಸಿರಿ. ಆಗ ಉಬ್ಬಸದವರು ಆ ಕೋಣೆಯಲ್ಲಿರಬಾರದು. ಸುಗಂಧ ಸಿಂಪಡಿಸಿದರೆ ವಾಸನೆ ಮುಚ್ಚೀತು, ಬೂಷ್ಟು ಸಾಯದು. ದಿನಕ್ಕೊಮ್ಮೆ ಕಿಟಕಿ ತೆರೆಯಿರಿ. ಮನೆ ಬಿಟ್ಟಾಗ ಇಳಿದು, ಮರಳಿದಾಗ ಏರುವ ಕೆಮ್ಮಿದ್ದರೆ ವೈದ್ಯರಿಗೆ ಅದನ್ನು ತಪ್ಪದೇ ತಿಳಿಸಿರಿ.

ನನ್ನವಳು ಈಗ ರಾತ್ರಿ ನಿದ್ದೆ ಮಾಡುತ್ತಾಳೆ. ಇನ್‌ಹೇಲರ್ ಮಾತ್ರ ಇನ್ನೂ ದಿಂಬಿನ ಬಳಿ ಇದೆ. ಅಂದು ಶಿಷ್ಯ ಹೋದ ಮೇಲೆ ಅವಳು ಕೇಳಿದ್ದು ಒಂದೇ ಮಾತು: "ಸಾಲ್ಯಾಗ ಕಲಿಸಿದ್ದು ಮನಿತನಕ ಬರಲೇ ಇಲ್ಲೇನ್ರಿ?"

ನನ್ನ ಬಳಿ ಉತ್ತರವಿರಲಿಲ್ಲ. ಈ ಭಾನುವಾರ ನಿಮ್ಮ ಮನೆಯ ಯಂತ್ರದ ಮುಚ್ಚಳವನ್ನೊಮ್ಮೆ ತೆರೆದು ನೋಡಿರಿ.